ಮಂಗಳಯಾನಿಗಳಿಗೆ ಕೃತಕ ಗುರುತ್ವ ಏಕಿಲ್ಲ?

ಮಲ್ಲೇಶ್ವರದ ಫಿಸಿಯೋಥೆರಪಿಸ್ಟ್:
ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದ ಅಜ್ಜಿಯರನ್ನು ಮತ್ತೆ ನಡೆಸುವುದು ನನ್ನ ಕೆಲಸ. ಕೆಲವೇ ವಾರಗಳಲ್ಲಿ ತೊಡೆಯ ಸ್ನಾಯು ಎಷ್ಟು ಸೊರಗುತ್ತದೆ ಎಂಬುದನ್ನು ಮುಟ್ಟಿ ಬಲ್ಲೆ. ತೂಕವಿಲ್ಲದ ಸ್ಥಿತಿಯಲ್ಲಿ ಭಾರ ಹೊರುವ ಮೂಳೆಗಳು ತಿಂಗಳಿಗೆ ಶೇ 1ರಿಂದ 1.5ರಷ್ಟು ಸಾಂದ್ರತೆ ಕಳೆದುಕೊಳ್ಳಬಲ್ಲವು. ಅದಕ್ಕೇ ಬಾಹ್ಯಾಕಾಶ ನಿಲ್ದಾಣದಲ್ಲಿ ದಿನಕ್ಕೆ ಸುಮಾರು 2 ಗಂಟೆ ವ್ಯಾಯಾಮ. ಮಂಗಳಕ್ಕೆ ಹೋಗಲು ಆರೇಳು ತಿಂಗಳು ಬೇಕು. ಇಳಿದ ದಿನ ಕೈಹಿಡಿದು ಎಬ್ಬಿಸಲು ಅಲ್ಲಿ ಯಾರೂ ಇರುವುದಿಲ್ಲ! ನೌಕೆಯನ್ನೇ ತಿರುಗಿಸಿ, ಒಳಗಿರುವವರು ಹೊರಗೋಡೆಗೆ ಒತ್ತಲ್ಪಡುವಂತೆ ಮಾಡಿ ಗುರುತ್ವದ ಅನುಭವ ಉಂಟುಮಾಡಲು ಅಡ್ಡಿಯೇನು?

ಜಾಲಹಳ್ಳಿಯ ಎಂಜಿನಿಯರ್:
ಗಾತ್ರವೇ ಅಡ್ಡಿ, ಮೇಡಂ. ನಿಮಿಷಕ್ಕೆ 2 ಸುತ್ತು ತಿರುಗಿಸಿ ಭೂಮಿಯಷ್ಟು ಗುರುತ್ವ ಪಡೆಯಲು ಸುಮಾರು 224 ಮೀಟರ್ ತ್ರಿಜ್ಯ ಬೇಕು. 4 ಸುತ್ತಾದರೆ 56 ಮೀಟರ್ ಸಾಕು, ಆದರೆ ವೇಗ ಹೆಚ್ಚಿದಂತೆ ತಲೆ ಹೊರಳಿಸಿದಾಗ ತಲೆಸುತ್ತು, ವಾಕರಿಕೆ. ಎರಡು ನೌಕೆಗಳನ್ನು ಪಟ್ಟಿಯಿಂದ ಬಿಗಿದು ತಿರುಗಿಸುವುದು ಅಗ್ಗದ ದಾರಿ. 1966ರಲ್ಲೇ ಅಮೆರಿಕದ ಜೆಮಿನಿ 11 ನೌಕೆ ಇದನ್ನು ಮಾಡಿತು; ಸಿಕ್ಕ ಗುರುತ್ವ ಮಾತ್ರ ತೀರಾ ಅಲ್ಪ.

ವಿಜಯನಗರದ ವೈದ್ಯೆ:
ಇಡೀ ನೌಕೆ ತಿರುಗಬೇಕಿಲ್ಲ, ಮನುಷ್ಯರು ತಿರುಗಿದರೂ ಆದೀತು. 2019ರಲ್ಲಿ ಜರ್ಮನಿಯ ಕಲೋನ್‌ನಲ್ಲಿ, ತೂಕವಿಲ್ಲದ ಸ್ಥಿತಿಯ ಪರಿಣಾಮಗಳನ್ನು ಅನುಕರಿಸಲು, ಸ್ವಯಂಸೇವಕರನ್ನು ತಲೆ 6 ಡಿಗ್ರಿ ಕೆಳಗಿರುವಂತೆ 60 ದಿನ ಮಲಗಿಸಿ, ಕೆಲವರನ್ನು ದಿನಕ್ಕೆ 30 ನಿಮಿಷ ಪುಟ್ಟ ಸೆಂಟ್ರಿಫ್ಯೂಜ್‌ನಲ್ಲಿ (ಮಲಗಿದವರನ್ನು ಗಿರಗಿರನೆ ಸುತ್ತಿಸುವ ಯಂತ್ರ) ತಿರುಗಿಸಿದರು.

ಮಲ್ಲೇಶ್ವರದ ಫಿಸಿಯೋಥೆರಪಿಸ್ಟ್:
ತಿರುಗುವಾಗಲೇ ಪೆಡಲ್ ತುಳಿಸಿದರೆ? ಸುಮ್ಮನೆ ಮಲಗಿಸಿ ತಿರುಗಿಸುವುದಕ್ಕಿಂತ ಅದು ಮೇಲು ಎಂದೇ ನನ್ನ ನಂಬಿಕೆ. ಕಾಲು ತಾನಾಗಿ ಭಾರ ತಳ್ಳಬೇಕು. ಮಂಗಳದ ಗುರುತ್ವ ಭೂಮಿಯದರ ಶೇ 38ರಷ್ಟೇ ಆದ್ದರಿಂದ, ಅಲ್ಲಿ ಇಳಿದ ಮೇಲೂ ಇದನ್ನು ನಿಲ್ಲಿಸಬಾರದು.