ವಿಜ್ಞಾನಿ ಅಲ್ಲದವರು ಮೈತ್ರಿಗೆ ಹೋಗಬಹುದಾ?

ಪ್ರಶ್ನೆ: ನಾನು ಜನರೇಟರ್ ಮೆಕ್ಯಾನಿಕ್, ಹನ್ನೊಂದು ವರ್ಷದಿಂದ ಇದೇ ಕೆಲಸ. ಅಂಟಾರ್ಕ್ಟಿಕಾದ ನಮ್ಮ ಮೈತ್ರಿ ಕೇಂದ್ರಕ್ಕೆ ನಮ್ಮಂಥವರನ್ನೂ ಕರೆದುಕೊಂಡು ಹೋಗುತ್ತಾರಂತೆ, ಹೌದಾ? ಚಳಿ ಎಷ್ಟು ಅಂತ ಗೂಗಲ್ ಹೇಳುತ್ತದೆ. ಕೆಲಸ ಹೇಗಿರುತ್ತದೆ ಅಂತ ಹೋದವರೇ ಹೇಳಬೇಕು.

ಉತ್ತರ 1: ಹೌದು. ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದವರು ಜಾಹೀರಾತು ಕೊಡುತ್ತಾರೆ. ಮೆಕ್ಯಾನಿಕ್, ವೆಲ್ಡರ್, ಅಡುಗೆಯವರು ಎಲ್ಲರೂ ಬೇಕು. ಗುತ್ತಿಗೆ ಕೆಲಸ. ಮೆಡಿಕಲ್ ಮಾತ್ರ ಕಟ್ಟುನಿಟ್ಟು.

ಉತ್ತರ 2: ಒಂದು ಚಳಿಗಾಲ ಅಲ್ಲಿದ್ದೆ, ನಿಮ್ಮದೇ ಕೆಲಸ. ಇಲ್ಲಿ ಜನರೇಟರ್ ನಿಂತರೆ ಲೈಟ್ ಹೋಗುತ್ತದೆ, ಅಷ್ಟೇ ಅಲ್ವಾ? ಅಲ್ಲಿ ಲೈಟಿನ ಜೊತೆ ಬಿಸಿ ಹೋಗುತ್ತದೆ, ಆಮೇಲೆ ನೀರು. ನೀರು ಬರುವುದು ಪಕ್ಕದ ಪ್ರಿಯದರ್ಶಿನಿ ಸರೋವರದಿಂದ. ಮೇಲೆ ಮಂಜುಗಡ್ಡೆ ಕಟ್ಟಿದರೂ ಅಡಿಯಲ್ಲಿ ನೀರು ಇರುತ್ತದೆ. ಪೈಪು ಬೆಚ್ಚಗಿರದಿದ್ದರೆ ಮುಗೀತು.

ಒಂದು ರಾತ್ರಿ ಪೈಪಿನ ಕ್ಲಾಂಪ್ ಬಿಗಿ ಮಾಡಲು ಹೊರಗೆ ಹೋದೆವು. ದಪ್ಪ ಗ್ಲೌಸಿನಲ್ಲಿ ನಟ್ಟು ಕೈಗೆ ಸಿಗುವುದಿಲ್ಲ. ಗ್ಲೌಸ್ ತೆಗೆದರೆ ಸ್ಪ್ಯಾನರ್ ಚರ್ಮಕ್ಕೇ ಅಂಟಿಕೊಳ್ಳುತ್ತದೆ. ಒಂದು ನಟ್ಟು ಹಿಮಕ್ಕೆ ಬಿತ್ತು. ಟಾರ್ಚ್ ಹಿಡಿದು ಮೂವರು ಹುಡುಕಿದೆವು, ಸಿಗಲೇ ಇಲ್ಲ. ಆಮೇಲಿಂದ ನಟ್ಟೆಲ್ಲ ಒಳಗಿನ ಜೇಬಿಗೆ. ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ. ವಾಷಿಂಗ್ ಮೆಷಿನ್ನಿನಿಂದ ನಟ್ಟು ತೆಗೆದಾಗಲೆಲ್ಲ ಹೆಂಡತಿ ಬೈಯುತ್ತಾಳೆ.

ಇಂಧನ ಹಡಗಿನಲ್ಲಿ ಹಿಮದ ಅಂಚಿನವರೆಗೆ ಬರುತ್ತದೆ. ಅಲ್ಲಿಂದ ಸುಮಾರು 100 ಕಿ.ಮೀ. ಯುದ್ಧ ಟ್ಯಾಂಕಿನ ಹಾಗೆ ಪಟ್ಟಿಚಕ್ರ ಇರುವ ಗಾಡಿಗಳೇ ಎಳೆದು ತರಬೇಕು. ಬಳಸಿದ ಎಂಜಿನ್ ಆಯಿಲ್ ಸುಮ್ನೆ ಚೆಲ್ಲುವ ಹಾಗಿಲ್ಲ. ಡ್ರಮ್ಮಿಗೆ ತುಂಬಿ ವಾಪಸ್ ಕಳಿಸಬೇಕು.

ಉತ್ತರ 3: ನಮ್ಮ ಕೇಂದ್ರ ಹಿಮದಲ್ಲಿ ಹೂತುಹೋಯಿತು ಅಂತ ಓದಿದ್ದೆ. ಮೈತ್ರಿ ಗಟ್ಟಿಯಾಗಿದೆಯಾ?

ಉತ್ತರ 2: ಹೂತುಹೋಗಿದ್ದು ದಕ್ಷಿಣ ಗಂಗೋತ್ರಿ, ನಮ್ಮ ಮೊದಲ ಕೇಂದ್ರ. ಅದನ್ನು ಹಿಮದ ಹಾಸಿನ ಮೇಲೇ ಕಟ್ಟಿದ್ದರು. 1989ರಲ್ಲಿ ಶುರುವಾದ ಮೈತ್ರಿ ನಿಂತಿರುವುದು ಬಂಡೆ ನೆಲದ ಮೇಲೆ, ಕಾಲು ಕೊಟ್ಟು ಎತ್ತಿದ್ದಾರೆ. ಗಾಳಿ ಅಡಿಯಿಂದ ಹಾದುಹೋಗುತ್ತದೆ. ಬಿರುಗಾಳಿ ದಿನ ಆ ಸದ್ದಿಗೇ ಎಚ್ಚರ ಆಗುತ್ತಿತ್ತು.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್. ಚಳಿಗಿಂತ ಕತ್ತಲೇ ಕಷ್ಟ ಅಂತಾರಲ್ಲ?

ಉತ್ತರ 2: ಮೇ ಕೊನೆಯಿಂದ ಜುಲೈ ಕೊನೆಯವರೆಗೆ ಸೂರ್ಯ ಹುಟ್ಟುವುದಿಲ್ಲ. ನನಗೆ ನಿದ್ದೆ ಕೆಟ್ಟಿತ್ತು, ಸಿಟ್ಟು ಜಾಸ್ತಿ ಆಗಿತ್ತು. ಜನರೇಟರ್ ಶಿಫ್ಟ್ ಇದ್ದಿದ್ದಕ್ಕೆ ದಿನ ಯಾವುದು ಅಂತ ಗೊತ್ತಾಗುತ್ತಿತ್ತು. ಹೋಗುವುದಾದರೆ ತೆಳು ಒಳಗ್ಲೌಸ್ ಎರಡು ಜೊತೆ ಜಾಸ್ತಿ ಇಟ್ಟುಕೊಳ್ಳಿ.