ಶಿಬಿರದ ಮಕ್ಕಳು ಈಜುವ ದಂಡೆ ಕೊರೆಯುತ್ತಿದೆ: ಕಲ್ಲಿನ ತಡೆಗೋಡೆ ಹಾಕಿಸಬೇಕೇ?

ಪ್ರಶ್ನೆ (ಕುಮಟಾ ತಾಲೂಕಿನಿಂದ):
ಎರಡು ಬಂಡೆಗುಡ್ಡಗಳ ನಡುವಿನ ಚಿಕ್ಕ ಕಡಲದಂಡೆಯಲ್ಲಿ ಪ್ರತಿ ಏಪ್ರಿಲ್‌ನಲ್ಲಿ ನಾವು ಮಕ್ಕಳ ಬೇಸಿಗೆ ಶಿಬಿರ ನಡೆಸುತ್ತೇವೆ. ದಂಡೆಯ ದಕ್ಷಿಣ ತುದಿಯಲ್ಲಿ ಈಜು ಕಲಿಸುತ್ತೇವೆ. ಕಳೆದ ಎರಡು ಮಳೆಗಾಲಗಳಲ್ಲಿ ಅಲ್ಲಿನ ಮರಳು ಕಡಿದುಹೋಗಿ, ಊಟದ ಚಪ್ಪರದ ಮುಂದೆ ಎದೆಯೆತ್ತರದ ನೆಟ್ಟನೆಯ ಅಂಚು ನಿಂತಿದೆ. ಎರಡು ಗಾಳಿಮರಗಳೂ ಬುಡಸಮೇತ ಉರುಳಿವೆ. ದೊಡ್ಡ ಕಲ್ಲು ಸುರಿದು ತಡೆಗೋಡೆ ಮಾಡಿಕೊಡುವುದಾಗಿ ಗುತ್ತಿಗೆದಾರರೊಬ್ಬರು ಹೇಳುತ್ತಿದ್ದಾರೆ. ಮಳೆ ಹಿಡಿಯುವ ಮೊದಲೇ ನಿರ್ಧರಿಸಬೇಕಾಗಿರುವುದರಿಂದ ತಿಳಿದವರು ದಯವಿಟ್ಟು ಸಲಹೆ ನೀಡಿ.

ಉತ್ತರ 1 (ಕಾರವಾರ, ನಿವೃತ್ತ ಎಂಜಿನಿಯರ್):
ಹೋದ ಮರಳು ಹಿಂದಿರುಗುತ್ತಿದೆಯೇ ಎಂಬುದನ್ನು ಮೊದಲು ಅಳೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದೊಡ್ಡ ಅಲೆಗಳು ದಂಡೆಯ ಮರಳನ್ನು ಎಳೆದೊಯ್ದು ನೀರಿನಡಿಯಲ್ಲಿ ದಿಣ್ಣೆಯಾಗಿ ಒಟ್ಟುತ್ತವೆ. ಹಿಂದೆ ಬರುವ ಅಲೆಗಳು ಆ ದಿಣ್ಣೆಯ ಮೇಲೆಯೇ ಒಡೆಯುವುದರಿಂದ ದಡಕ್ಕೆ ಬೀಳುವ ಹೊಡೆತ ಕಡಿಮೆಯಾಗುತ್ತದೆ, ಮಳೆಗಾಲ ಮುಗಿದ ಮೇಲೆ ಸೌಮ್ಯ ಅಲೆಗಳು ಅದೇ ಮರಳನ್ನು ಮೆಲ್ಲಗೆ ದಂಡೆಗೆ ತಂದು ಹಾಕುತ್ತವೆ. ಬಂಡೆಗಳ ನಡುವಿನ ದಂಡೆಯಲ್ಲಂತೂ ಅಲೆಯ ದಿಕ್ಕು ಬದಲಾದಂತೆ ಮರಳು ಒಂದು ತುದಿಯಿಂದ ಇನ್ನೊಂದಕ್ಕೆ ಸರಿಯುತ್ತದೆ. ಆದ್ದರಿಂದ ಉತ್ತರದ ತುದಿಯನ್ನೂ ನೋಡದೆ ಮರಳು ಕಳೆದುಹೋಯಿತು ಎನ್ನಬೇಡಿ.

ಅಳತೆಗೆ ಒಂದೂವರೆ ಮೀಟರಿನ ಎರಡು ಕೋಲು ಮತ್ತು ಒಂದು ಹಗ್ಗ ಸಾಕು. ಎರಡೂ ಕೋಲುಗಳನ್ನು ಹಗ್ಗದ ಉದ್ದದಷ್ಟು ದೂರದಲ್ಲಿ ನೆಟ್ಟಗೆ ನಿಲ್ಲಿಸಿ, ಮೇಲಿನ ಕೋಲಿನ ಬಳಿ ನಿಂತು, ಕೆಳಗಿನ ಕೋಲಿನ ತುದಿಯನ್ನು ದಿಗಂತದ ಗೆರೆಗೆ ಕೂಡಿಸಿ ನೋಡಿ. ಆ ನೋಟ ಮೇಲಿನ ಕೋಲನ್ನು ಅದರ ತುದಿಯಿಂದ ಎಷ್ಟು ಕೆಳಗೆ ಹಾಯುತ್ತದೆಯೋ ಅಷ್ಟು ಇಳಿಜಾರು. ಪ್ರತಿ ತಿಂಗಳೂ ನೀರಿಳಿದ ಹೊತ್ತಿನಲ್ಲಿ, ಅಲುಗದ ಒಂದು ಬಂಡೆಯಿಂದಲೇ ಆರಂಭಿಸಿ ಬರೆದಿಡಿ. ಹಿರಿಯ ಮಕ್ಕಳಿಗೆ ಇದು ಒಳ್ಳೆಯ ಪಾಠವೂ ಆದೀತು.

ಗೋಡೆಯ ಬಗ್ಗೆ ಹೇಳುವುದಾದರೆ, ಅದಕ್ಕೆ ಬಡಿದ ಅಲೆ ಹಿಂದಿರುಗುವಾಗ ಬುಡದ ಮರಳನ್ನೇ ಕೀಳುತ್ತದೆ, ಗೋಡೆ ಮುಗಿಯುವ ಜಾಗದಲ್ಲಿ ಕೊರೆತ ಹೆಚ್ಚುತ್ತದೆ. ಚಪ್ಪರ ಉಳಿದೀತು, ಆದರೆ ಮಕ್ಕಳು ನೀರಿಗಿಳಿಯುವ ಇಳಿಜಾರು ಉಳಿಯುವುದು ಕಷ್ಟ. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆಯಲ್ಲಿ ಅಲೆಯನ್ನು ಕಡಲೊಳಗೇ ಮುರಿಯುವ ದಿಬ್ಬಗಳನ್ನು ಕಟ್ಟಿದ್ದುಂಟು, ಆದರೆ ಅದು ಶಿಬಿರವೊಂದರ ಕೈಗೆಟಕುವ ಕೆಲಸವಲ್ಲ. ಇನ್ನು, 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಂತೆ ಮರಳುದಿಬ್ಬಗಳು ಅತಿ ಸೂಕ್ಷ್ಮ ಪ್ರದೇಶಕ್ಕೆ ಸೇರಿವೆ; ಅನುಮತಿಯಿಲ್ಲದೆ ಒಂದು ಲಾರಿ ಕಲ್ಲನ್ನೂ ಇಳಿಸಬೇಡಿ.

ಉತ್ತರ 2 (ಅಂಕೋಲಾ ಕಡೆಯ ಮೀನುಗಾರ):
ನಮ್ಮೂರಿನಲ್ಲಿ ಕಲ್ಲು ಹಾಕಿದ ಮೇಲೆ ರಂಪಣಿ ಬಲೆ ಎಳೆಯಲು ದಂಡೆಯೇ ಉಳಿಯಲಿಲ್ಲ, ದೋಣಿಗಳನ್ನೂ ಬೇರೆ ಕಡೆ ಏರಿಸುತ್ತೇವೆ. ಅದಿರಲಿ, ಚಪ್ಪರದ ಮಾಡಿನ ನೀರು ಎಲ್ಲಿಗೆ ಹೋಗುತ್ತದೆ? ಮೇಲಿನಿಂದ ನೀರು ಕುಡಿದು ನೆನೆದ ದಿಬ್ಬ ಅಲೆಯ ಒಂದೇ ಏಟಿಗೆ ಕುಸಿಯುತ್ತದೆ.

ಉತ್ತರ 3 (ಶಿರಸಿ):
ಗಾಳಿಮರಗಳನ್ನು ಮತ್ತೆ ನೆಡಬೇಡಿ. ಅವುಗಳ ನೆರಳು ಮತ್ತು ಉದುರಿದ ತರಗಿನ ಕೆಳಗೆ ಮರಳು ಹಿಡಿಯುವ ಬಳ್ಳಿಗಳು ಬೆಳೆಯುವುದು ಅಪರೂಪ. ಅಡುಂಬು ಬಳ್ಳಿಯ ತುಂಡುಗಳನ್ನೂ ರಾವಣನ ಮೀಸೆ ಎಂಬ ಮುಳ್ಳುಹುಲ್ಲಿನ ಬುಡಗಳನ್ನೂ ಮೊದಲ ಮಳೆಯೊಂದಿಗೆ, ಅಲೆ ಮುಟ್ಟದಷ್ಟು ಮೇಲೆ ನೆಡಿ. ಬೀಸುವ ಮರಳನ್ನು ಹಿಡಿದು ದಿಬ್ಬ ಬೆಳೆಸುವ ಸಸ್ಯಗಳು ಇವೇ. ಮಕ್ಕಳು ಹತ್ತು ಕಡೆಯಿಂದ ಇಳಿದರೆ ಯಾವುದೂ ಚಿಗುರುವುದಿಲ್ಲ. ಹಗ್ಗ ಕಟ್ಟಿ, ಓರೆಯಾಗಿ ಇಳಿಯುವ ಒಂದೇ ದಾರಿಯನ್ನು ಬಿಡಿ.

ಪ್ರಶ್ನೆ ಕೇಳಿದವರು:
ಇಂದು ಹೋಗಿ ನೋಡಿದೆ. ಅಡುಗೆಮನೆಯ ಮಾಡಿನ ನೀರು ಬೀಳುವ ಜಾಗದ ನೇರಕ್ಕೇ ಅಂಚು ಎಲ್ಲಕ್ಕಿಂತ ಆಳವಾಗಿ ಕುಸಿದಿದೆ. ಇಷ್ಟು ದಿನ ಕಡಲನ್ನಷ್ಟೇ ಬೈಯುತ್ತಿದ್ದೆವು. ಆ ನೀರನ್ನು ಹಿಂಬದಿಯ ತೋಟಕ್ಕೆ ತಿರುಗಿಸಿ, ಚಪ್ಪರವನ್ನೂ ಹಿಂದಕ್ಕೆ ಸರಿಸುತ್ತೇವೆ. ಗುತ್ತಿಗೆದಾರರಿಗೆ ಬೇಡವೆಂದು ತಿಳಿಸಿದ್ದೇನೆ. ಆದರೆ ಮುಂದಿನ ಏಪ್ರಿಲ್‌ಗೂ ಆ ಅಂಚು ಹಾಗೆಯೇ ನಿಂತಿದ್ದರೆ?

ಉತ್ತರ 1:
ಶಿಬಿರಕ್ಕೆ ಮುಂಚೆ ಸಲಿಕೆಯಿಂದ ಇಳಿಜಾರಾಗಿ ಕೆಡವಿ, ಬಿದ್ದ ಮರಳನ್ನು ಅಲ್ಲಿಯೇ ಬಿಡಿ. ಅದರ ಬುಡದಲ್ಲಿ ಮಕ್ಕಳು ಗುಹೆ ತೋಡದಂತೆ ಒಬ್ಬರು ಸದಾ ಕಾವಲಿರಲಿ. ಒಣಗಿದ ಮರಳು ಸದ್ದಿಲ್ಲದೆ ಕುಸಿಯುತ್ತದೆ.