ಚಿಕ್ಕಪ್ಪ ಹಂಚಿದ ಸಂದೇಶ, ಅಜ್ಜನ ಕೇಸ್ ಶೀಟ್

ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಆಸ್ಪತ್ರೆಗೆ ಸೇರಿದ ಮೇಲೆ ನ್ಯುಮೋನಿಯಾ ಬಂದರೆ ಅದು ವೈದ್ಯರ ನಿರ್ಲಕ್ಷ್ಯವೇ. ತಕ್ಷಣ ಪೊಲೀಸರಿಗೆ ದೂರು ಕೊಡಿ. ಎಲ್ಲರಿಗೂ ತಿಳಿಸಿ.

ಚಿಕ್ಕಪ್ಪ: ಎಲ್ಲರೂ ಓದಿ. ಅಪ್ಪನನ್ನು ಸೇರಿಸಿದ್ದು ಸೊಂಟದ ಮೂಳೆ ಮುರಿದದ್ದಕ್ಕೆ. ಆಗ ಒಂದು ಕೆಮ್ಮೂ ಇರಲಿಲ್ಲ. ಹನ್ನೊಂದನೆಯ ದಿನ ಹೆಣ ತಂದೆವು.

ನಾನು: ಚಿಕ್ಕಪ್ಪ, ಆ ಸಂದೇಶ ಸರಿಯಲ್ಲ. ಸೇರಿ 48 ಗಂಟೆ ಕಳೆದ ಮೇಲೆ ಕಾಣಿಸಿಕೊಳ್ಳುವ ನ್ಯುಮೋನಿಯಾವನ್ನು ಆಸ್ಪತ್ರೆಯ ಸೋಂಕು ಎಂದು ಲೆಕ್ಕ ಹಾಕುತ್ತಾರೆ, ನಿಜ. ಆದರೆ ವೆಂಟಿಲೇಟರಿನ ಟ್ಯೂಬ್ ಗಂಟಲಲ್ಲಿದ್ದಾಗ ಅಜ್ಜ ಕೆಮ್ಮುವಂತಿರಲಿಲ್ಲ. ಬಾಯಿಯ ಜೊಲ್ಲು ಟ್ಯೂಬಿನ ಪಕ್ಕದಿಂದ ಹನಿಹನಿಯಾಗಿ ಶ್ವಾಸಕೋಶಕ್ಕಿಳಿಯುತ್ತದೆ. ಎಷ್ಟು ಎಚ್ಚರ ವಹಿಸಿದರೂ ಕೆಲವರಿಗೆ ಬರುತ್ತದೆ. ನನ್ನ ಐಸಿಯುನಲ್ಲೇ ನೋಡಿದ್ದೇನೆ.

ಚಿಕ್ಕಪ್ಪ: ಶುಭಾ, ನೀನು ನರ್ಸ್. ಅವರ ಪರವಾಗಿಯೇ ಮಾತನಾಡುತ್ತೀಯ.

ಅತ್ತೆ: ನಾನು ನೋಡಿದ್ದನ್ನು ಹೇಳುತ್ತೇನೆ. ಮೂಗಿನ ಟ್ಯೂಬಿನಲ್ಲಿ ಗಂಜಿ ಬಿಡುವಾಗ ಮಂಚ ಚಪ್ಪಟೆಯಾಗಿತ್ತು. ಎರಡು ಸಲ ಹೇಳಿದೆ, ಎತ್ತಲಿಲ್ಲ. ಒಬ್ಬಾಕೆ ಪಕ್ಕದ ರೋಗಿಯ ಕಫ ಎಳೆದು, ಅದೇ ಗ್ಲೌಸ್‌ನಲ್ಲಿ ಅಪ್ಪನ ಬಾಯಿಗೆ ಕೈ ಹಾಕಿದಳು.

ನಾನು: ಅತ್ತೆ, ಇದನ್ನು ಇಷ್ಟು ದಿನ ಯಾಕೆ ಹೇಳಲಿಲ್ಲ? ತಲೆಭಾಗ 30ರಿಂದ 45 ಡಿಗ್ರಿ ಎತ್ತಿರಬೇಕು. ಒಬ್ಬರಿಂದ ಒಬ್ಬರಿಗೆ ಹೋಗುವಾಗ ಗ್ಲೌಸ್ ಬದಲಿಸಿ ಕೈ ತೊಳೆಯಬೇಕು. ವೆಂಟಿಲೇಟರಿನ ಟ್ಯೂಬ್ ತೆಗೆಯಬಹುದೇ ಎಂದು ದಿನವೂ ನೋಡಬೇಕು. ಚಿಕ್ಕಪ್ಪ, ನಾನು ಯಾರ ಪರವೂ ಅಲ್ಲ. ಸೋಂಕು ಬಂತು ಎಂದಷ್ಟೇ ಹೇಳಿದರೆ ಸುಲಭವಾಗಿ ಜಾರಿಕೊಳ್ಳುತ್ತಾರೆ. ಅತ್ತೆ ಹೇಳಿದ್ದಕ್ಕೆ ಅವರು ಉತ್ತರ ಕೊಡಲೇಬೇಕು.

ಭಾವ: ಮಾವ, ಠಾಣೆಯ ದಾರಿ ಕಷ್ಟ. ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆಗೆ ಘೋರ ನಿರ್ಲಕ್ಷ್ಯ ಕಾಣಬೇಕೆಂದು ಸುಪ್ರೀಂ ಕೋರ್ಟ್ 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿದೆ. ಗ್ರಾಹಕರ ಆಯೋಗಕ್ಕೆ ಹೋಗೋಣ. ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕರ ಕಾನೂನಿನೊಳಗೆ ಬರುತ್ತದೆಂದು 1995ರಲ್ಲೇ ತೀರ್ಪಾಗಿದೆ. ದೂರು ಕೊಡಲು ಅವಧಿ ಎರಡು ವರ್ಷ.

ಚಿಕ್ಕಪ್ಪ: ಆಪರೇಷನ್‌ಗೆ ಮುಂಚೆ ನಾನೇ ಸಹಿ ಹಾಕಿಕೊಟ್ಟಿದ್ದೇನಲ್ಲ?

ಭಾವ: ಚಿಕಿತ್ಸೆಗೆ ಒಪ್ಪಿದ್ದೀರಿ. ಕೈ ತೊಳೆಯದಿರುವುದಕ್ಕೆ ಒಪ್ಪಿಲ್ಲ. ಮೊದಲು ಕೇಸ್ ಶೀಟ್, ಅಂದರೆ ಚಿಕಿತ್ಸೆಯ ದಾಖಲೆಯ ಪ್ರತಿಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮವಿದೆ.

ಚಿಕ್ಕಪ್ಪ: ಯಾವ ಯಾವ ಹಾಳೆ?

ನಾನು: ನರ್ಸಿಂಗ್ ಚಾರ್ಟ್, ವೆಂಟಿಲೇಟರ್ ಚಾರ್ಟ್, ಕಫದ ಕಲ್ಚರ್ ವರದಿ (ಯಾವ ರೋಗಾಣು ಎಂದು ತಿಳಿಸುವ ಪರೀಕ್ಷೆ), ಸೇರಿದ ದಿನದಿಂದ ತೆಗೆದ ಎಲ್ಲ ಎಕ್ಸ್‌ರೇ. ಅತ್ತೆ, ನೀವು ನೋಡಿದ ದಿನ, ಹೊತ್ತು ಎಲ್ಲವನ್ನೂ ಇಂದೇ ಬರೆದಿಡಿ.

ಅತ್ತೆ: ಎರಡನೆಯ ಸಲ ಹೇಳಿದ್ದು ಗುರುವಾರ ಸಂಜೆ. ಅಪ್ಪ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ಚಿಕ್ಕಪ್ಪ: ನಾಳೆ ಹತ್ತಕ್ಕೆ ಅರ್ಜಿ ಕೊಡುತ್ತೇನೆ. ಶುಭಾ, ನೀನೂ ಜೊತೆಗೆ ಬಾ.